ಧನುರ್ಮಾಸಕ್ಕೆ ಮುಂಚೆ ಹೇಳಬೇಕಾದ ಮಾತು

ಪ್ರಶ್ನೆ: ನನಗೆ 26 ವರ್ಷ. ಹುಟ್ಟಿ ಬೆಳೆದದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ. ತಂದೆ ಪಾಂಡವಪುರದ ಹತ್ತಿರದ ಹಳ್ಳಿಯವರು, ತಾಯಿಯ ತವರು ಮೈಸೂರಿನ ಸರಸ್ವತಿಪುರಂ; ಇಬ್ಬರೂ 1998ರಲ್ಲಿ ಅಲ್ಲಿಗೆ ಹೋದರು. ಒಂದೂವರೆ ವರ್ಷದಿಂದ ನಾನು ಇಲ್ಲಿ ಅಜ್ಜಿಯ ಮನೆಯಲ್ಲಿದ್ದು ಕೆಲಸ ಮಾಡುತ್ತಿದ್ದೇನೆ. ನಾನು ಗೇ. ಹದಿನಾಲ್ಕನೆಯ ವಯಸ್ಸಿನಿಂದ ಇದು ನನಗೆ ಗೊತ್ತು, ಅಲ್ಲಿನ ಸ್ನೇಹಿತರಿಗೂ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಡಿಸೆಂಬರ್ ಮೊದಲ ವಾರ ಅಪ್ಪ ಅಮ್ಮ ಬರುತ್ತಿದ್ದಾರೆ. ಧನುರ್ಮಾಸ ಹಿಡಿಯುವುದರೊಳಗೆ ಮಂಡ್ಯದ ಒಬ್ಬ ಹುಡುಗಿಯ ಜೊತೆ ನಿಶ್ಚಿತಾರ್ಥ ಮುಗಿಸಬೇಕೆಂದಿದ್ದಾರೆ, ಜಾತಕ ಕೂಡಿದೆಯಂತೆ. ನನಗೆ ಇಲ್ಲಿ ಒಬ್ಬ ಗೆಳೆಯನಿದ್ದಾನೆ. ವಿಷಯ ಗೊತ್ತಿಲ್ಲದ ಅಜ್ಜಿ ಹಬ್ಬದ ದಿನ ಅವನಿಗೆಂದು ಡಬ್ಬಿಯಲ್ಲಿ ಒಬ್ಬಟ್ಟು ಎತ್ತಿಡುತ್ತಾರೆ. ಅಪ್ಪ ಅಮ್ಮ ನನಗಾಗಿ ಎಲ್ಲವನ್ನೂ ಬಿಟ್ಟು ಹೋದವರು. ನನ್ನ ಕನ್ನಡವೋ ಅಡುಗೆಮನೆಯ ಕನ್ನಡ. ನಾನು ಯಾರೆಂದು ಇಂಗ್ಲಿಷಿನಲ್ಲಿ ಹೇಳಬಲ್ಲೆ, ಅಮ್ಮನ ಭಾಷೆಯಲ್ಲಿ ಅದಕ್ಕೆ ನನ್ನ ಬಳಿ ಪದವಿಲ್ಲ. ಮದುವೆಯಾಗಿಬಿಟ್ಟರೆ ಎಲ್ಲರಿಗೂ ನೆಮ್ಮದಿ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ನಮ್ಮ ಸಂಸ್ಕೃತಿಯನ್ನೂ ನನ್ನನ್ನೂ ಎರಡನ್ನೂ ಉಳಿಸಿಕೊಳ್ಳುವುದು ಹೇಗೆ?
— ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಸಿಕ್ಕಾದ ನೂಲಿನಂತೆ ಸೇರಿಕೊಂಡಿವೆ. ಈ ಮದುವೆಗೆ ಒಪ್ಪಬೇಕೇ ಎಂಬುದು ಒಂದು. ಮನೆಯವರಿಗೆ ಹೇಳಬೇಕೇ ಎಂಬುದು ಇನ್ನೊಂದು. ಎರಡೂ ಒಂದೇ ಎಂದು ನೀವು ಭಾವಿಸಿರುವುದರಿಂದಲೇ ದಾರಿ ಕಾಣದಾಗಿದೆ. ಮೊದಲನೆಯದಕ್ಕೆ ಗಡುವಿದೆ: ಧನುರ್ಮಾಸ ಡಿಸೆಂಬರ್ 16ರ ಸುಮಾರಿಗೆ ಹಿಡಿಯುತ್ತದೆ, ಹಿಡಿದ ಮೇಲೆ ಸಂಕ್ರಾಂತಿಯವರೆಗೆ ನಮ್ಮ ಕಡೆ ಯಾರೂ ಶುಭಕಾರ್ಯ ಇಟ್ಟುಕೊಳ್ಳುವುದಿಲ್ಲ, ಅಷ್ಟರಲ್ಲಿ ನಿಮ್ಮ ತಂದೆಯವರ ರಜೆ ಮುಗಿದಿರುತ್ತದೆ. ಎರಡನೆಯದಕ್ಕೆ ಯಾವ ಗಡುವೂ ಇಲ್ಲ. ಆದ್ದರಿಂದ ಮೊದಲನೆಯದಕ್ಕೆ ನೇರವಾಗಿಯೇ ಉತ್ತರಿಸುತ್ತೇನೆ: ಈ ನಿಶ್ಚಿತಾರ್ಥ ನಡೆಯಬಾರದು. ಎರಡನೆಯದರ ಬಗ್ಗೆ ನಾನು ಸಲಹೆ ಕೊಡಬಲ್ಲೆನೇ ಹೊರತು ತೀರ್ಮಾನ ಕೊಡಲಾರೆ, ಅದು ನಿಮ್ಮದು.

ಎಲ್ಲರಿಗೂ ನೆಮ್ಮದಿ ಎಂದು ನೀವು ಬರೆಯುವಾಗ ಆ ಎಲ್ಲರಲ್ಲಿ ಮಂಡ್ಯದ ಆ ಹುಡುಗಿಯನ್ನು ಸೇರಿಸಿದಂತೆ ಕಾಣುವುದಿಲ್ಲ. ಕೆಲವು ವರ್ಷಗಳ ಹಿಂದೆ, ನಿದ್ರೆ ಬರುವುದಿಲ್ಲವೆಂದು ಒಬ್ಬ ಹೆಣ್ಣುಮಗಳು ನನ್ನ ಬಳಿ ಬಂದಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಗಂಡ ಕುಡಿಯುವುದಿಲ್ಲ, ಗದರುವುದಿಲ್ಲ, ಕೇಳಿದ್ದನ್ನು ತಂದುಕೊಡುತ್ತಾನೆ, ಆದರೆ ಹತ್ತಿರ ಬರುವುದಿಲ್ಲ. ತವರಿನ ನಾಮಕರಣ, ಗೃಹಪ್ರವೇಶಗಳಲ್ಲಿ "ಏನಾದರೂ ವಿಶೇಷವೇನಮ್ಮ?" ಎಂದು ಕೇಳುವವರಿಗೆ ಉತ್ತರ ಕೊಟ್ಟು ಸಾಕಾಗಿ ಅವರು ಅಂಥ ಕಡೆ ಹೋಗುವುದನ್ನೇ ಬಿಟ್ಟಿದ್ದರು. ತಾನು ದಪ್ಪಗಿರುವುದೇ ಕಾರಣವಿರಬೇಕೆಂದು ರಾತ್ರಿಯ ಊಟ ಬಿಟ್ಟು ಒಂಬತ್ತು ಕಿಲೋ ಇಳಿದಿದ್ದರು. ಮಾತಿನ ನಡುವೆ ಬ್ಯಾಗಿನಿಂದ ಎಲ್‌ಐಸಿಯವರು ಹೊಸ ವರ್ಷಕ್ಕೆ ಕೊಡುವಂಥ ಒಂದು ಡೈರಿ ತೆಗೆದು, ಗಂಡ ತನ್ನೊಡನೆ ನಗುನಗುತ್ತ ಮಾತನಾಡಿದ ದಿನಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡದ್ದನ್ನು ತೋರಿಸಿದರು. ಮಾರ್ಚಿ ತಿಂಗಳಿಡೀ ಎರಡೇ ಗುರುತು ಇದ್ದವು. ಆ ಗಂಡನನ್ನೂ ನಾನು ಬಳಿಕ ಭೇಟಿಯಾದೆ. ಕೆಟ್ಟವರೇನಲ್ಲ, ಎಲ್ಲರ ನೆಮ್ಮದಿಗೆಂದು ತಾಳಿ ಕಟ್ಟಿದವರು.

ನಿಮ್ಮ ವಿಷಯದಲ್ಲಿ ಇದಕ್ಕೆ ದೂರದೇಶವೂ ಸೇರಿಕೊಳ್ಳುತ್ತದೆ. ನೀವು ಹುಟ್ಟಿನಿಂದ ಅಮೆರಿಕದ ಪ್ರಜೆ. ಮುಂದೆ ನೀವು ಅಲ್ಲಿಗೆ ಮರಳಿದರೆ ಆಕೆ ನಿಮ್ಮ ಹೆಂಡತಿಯೆಂಬ ಕಾರಣಕ್ಕಷ್ಟೇ ಅಲ್ಲಿಗೆ ಬರಬೇಕು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಅಲ್ಲಿ ಸಿಗುವ ಗ್ರೀನ್ ಕಾರ್ಡ್ ಎರಡೇ ವರ್ಷದ್ದು, ಷರತ್ತಿನದ್ದು. ಆ ಷರತ್ತು ತೆಗೆಸಲು ಸಾಮಾನ್ಯವಾಗಿ ಗಂಡ ಹೆಂಡತಿ ಇಬ್ಬರೂ ಸೇರಿ ಅರ್ಜಿ ಹಾಕಬೇಕು. ಅಂದರೆ ತಾಯಿ, ಅಕ್ಕತಂಗಿಯರು ಯಾರೂ ಹತ್ತಿರವಿಲ್ಲದ ಊರಿನಲ್ಲಿ ಆಕೆ ನೆಲೆಯೂರಬೇಕಾದದ್ದು ನಿಮ್ಮ ಸಹಿಯ ಮೇಲೆ. ಅಪ್ಪ ಅಮ್ಮನ ಋಣವನ್ನು ಬೇರೊಬ್ಬರ ಮಗಳಿಂದ ತೀರಿಸಲು ಬರುವುದಿಲ್ಲ.

ಇನ್ನೊಂದು ವಿಷಯವನ್ನು ನೀವು ಬಲ್ಲಿರಿ, ಆದರೂ ಹಿರಿಯರ ಮುಂದೆ ಹೇಳಬೇಕಾಗಬಹುದೆಂದು ಬರೆಯುತ್ತೇನೆ. ನಿಮ್ಮದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟದ್ದು 1990ರಲ್ಲಿ, ಅಂದರೆ ನಿಮ್ಮ ತಂದೆ ಇನ್ನೂ ಊರಿನಲ್ಲೇ ಇದ್ದಾಗ. ಭಾರತದ ಮನೋವೈದ್ಯರ ಸಂಘವೂ 2018ರಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿದೆ. ತನ್ನ ಸಮುದಾಯದ ನೈತಿಕ, ಸಾಂಸ್ಕೃತಿಕ ಮೌಲ್ಯಗಳಿಗೆ ಹೊಂದಿಕೊಳ್ಳಲಿಲ್ಲವೆಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎಂದು ನಿರ್ಧರಿಸುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಮಾತ್ರೆಯಿಂದ, ಇಂಜೆಕ್ಷನ್ನಿನಿಂದ, ಸಮ್ಮೋಹನದಿಂದ ಬದಲಾಯಿಸಿಕೊಡುತ್ತೇನೆ ಎನ್ನುವ ವೈದ್ಯರು ಇಂದಿಗೂ ಸಿಗುತ್ತಾರೆ; ಹಾಗೆ ಮಾಡುವುದು ವೃತ್ತಿ ದುರ್ನಡತೆ ಎಂದು ಮದ್ರಾಸ್ ಹೈಕೋರ್ಟಿನ ಒಂದು ಪ್ರಕರಣದ ಬಳಿಕ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿದೆ. ಅಂಥವರ ಬಳಿಗೆ ಕರೆದೊಯ್ದರೆ ಹೋಗಬೇಡಿ. ಅಮ್ಮ ಹರಕೆ ಹೊತ್ತು ಚಾಮುಂಡಿ ಬೆಟ್ಟಕ್ಕೋ ನಂಜನಗೂಡಿಗೋ ಕರೆದರೆ ಮಾತ್ರ ಜೊತೆಗೆ ಹೋಗಿಬನ್ನಿ, ಅದರಿಂದ ಯಾರಿಗೂ ಕೇಡಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರೋಣ. ನಮ್ಮ ಸಂಸ್ಕೃತಿಯನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಯಾವ ವರ್ಷದ ಸಂಸ್ಕೃತಿ ಎಂದು ನಾನು ಮರಳಿ ಕೇಳಬೇಕಾಗುತ್ತದೆ. ಊರು ಬಿಟ್ಟವರು ಊರನ್ನು ತಾವು ಬಿಟ್ಟ ದಿನ ಹೇಗಿತ್ತೋ ಹಾಗೆಯೇ ಗಂಟುಕಟ್ಟಿ ಒಯ್ಯುತ್ತಾರೆ. ಇಲ್ಲಿ ಉಳಿದ ನಾವು ದಿನಕ್ಕಿಷ್ಟು, ನಮಗೇ ಅರಿವಾಗದಂತೆ, ಬದಲಾಗುತ್ತ ಬಂದೆವು. ಬದಲಾದದ್ದಕ್ಕೆ ನಮಗೆ ಯಾವ ಅಪರಾಧಪ್ರಜ್ಞೆಯೂ ಇಲ್ಲ, ಏಕೆಂದರೆ ಊರೇ ನಮ್ಮ ಜೊತೆಗಿತ್ತು. ಹೊರಗೆ ಹೋದವರಿಗೆ ಹಾಗಲ್ಲ. ಅವರಿಗೆ ಬದಲಾಗುವುದೆಂದರೆ ಕಳೆದುಕೊಳ್ಳುವುದು. ಅಜ್ಜಿಯ ಮನೆಯಲ್ಲಿ ಈಗ ಯಾರೂ ಕೇಳದ ಮಡಿ, ಮುಹೂರ್ತ, ರಾಹುಕಾಲಗಳನ್ನು ನಿಮ್ಮ ತಾಯಿ ನ್ಯೂಜೆರ್ಸಿಯಲ್ಲಿ ತಪ್ಪದೆ ಪಾಲಿಸುವುದನ್ನು ನೀವು ನೋಡಿರಬಹುದು. ಅದನ್ನು ಕಂಡು ನಗಬೇಡಿ.

ಇದರ ಜೊತೆಗೆ ಇನ್ನೊಂದು ಭಾರವಿದೆ, ವಲಸೆ ಹೋದ ಮನೆಗಳ ಮಕ್ಕಳೊಡನೆ ಮಾತನಾಡುವಾಗ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿಯೇ. ಪಾಂಡವಪುರದ ಹಳ್ಳಿಯಲ್ಲಿ ಒಬ್ಬ ಮನುಷ್ಯನ ಮರ್ಯಾದೆಗೆ ಹತ್ತು ಊರುಗೋಲುಗಳಿರುತ್ತವೆ: ಜಮೀನು, ದಾಯಾದಿಗಳು, ದೇವಸ್ಥಾನದ ಸರದಿ, ಪಂಚಾಯಿತಿ ಕಟ್ಟೆಯಲ್ಲಿ ಒಂದು ಜಾಗ. ಮಗನೊಬ್ಬ ಹೇಳಿದಂತೆ ಕೇಳದಿದ್ದರೂ ಉಳಿದ ಒಂಬತ್ತು ಅವನನ್ನು ಎತ್ತಿಹಿಡಿಯುತ್ತವೆ. ನಿಮ್ಮ ತಂದೆಗೆ ಅಲ್ಲಿ ಅವು ಯಾವುವೂ ಇಲ್ಲ. ಸಂಕ್ರಾಂತಿಗೆ, ರಾಜ್ಯೋತ್ಸವಕ್ಕೆ ಕನ್ನಡ ಕೂಟದಲ್ಲಿ ಸೇರುವ ಕೆಲವು ಕುಟುಂಬಗಳೇ ಅವರಿಗೆ ಊರು, ಅವರೇ 'ನಾಲ್ಕು ಜನ'. ಇಷ್ಟು ದೂರ ಬಂದದ್ದು ಸರಿಯಾಯಿತೇ ಎಂದು ಯಾರಾದರೂ ಕೇಳಿದರೆ, ಅಥವಾ ನಿದ್ದೆ ಬಾರದ ರಾತ್ರಿ ತಾವೇ ಕೇಳಿಕೊಂಡರೆ, ತೋರಿಸಲು ಅವರ ಬಳಿ ಇರುವುದು ನೀವೊಬ್ಬರೇ. ಮಗ ಕನ್ನಡ ಮಾತನಾಡುತ್ತಾನೆ, ಅಜ್ಜಿಯ ಮನೆಯಲ್ಲಿದ್ದಾನೆ, ಊರಿನ ಹುಡುಗಿಯನ್ನು ಮದುವೆಯಾಗುತ್ತಾನೆ. ನೀವು ಇಲ್ಲವೆಂದ ದಿನ ಅವರಿಗೆ ಕೇಳಿಸುವುದು ನಿಮ್ಮ ಮಾತಲ್ಲ. ನಾವು ಬಂದದ್ದೇ ತಪ್ಪಾಯಿತು ಎಂಬ ತಮ್ಮದೇ ಮಾತು. ಅವರ ಸಿಟ್ಟು ಅಳತೆ ಮೀರಿದಂತೆ ಕಂಡರೆ ಅದರ ಮೂಲ ಇಲ್ಲಿದೆ ಎಂದು ನೆನಪಿಟ್ಟುಕೊಳ್ಳಿ.

ಆ ಸಿಟ್ಟಿನಲ್ಲಿ ಬರುವ ಮೊದಲ ಮಾತು ಬಹುಶಃ ಇದೇ ಇರುತ್ತದೆ: ಅಮೆರಿಕದ ಗಾಳಿ ಬಡಿಯಿತು. ಇದಕ್ಕೆ ಉತ್ತರ ನಿಮಗಿಂತ ನನ್ನ ಬಳಿ ಹೆಚ್ಚಾಗಿದೆ. ಇಪ್ಪತ್ತು ವರ್ಷಗಳ ನನ್ನ ವೃತ್ತಿಯಲ್ಲಿ ನಾಗಮಂಗಲ, ಮಳವಳ್ಳಿ, ಕೆ.ಆರ್. ಪೇಟೆಯ ಕಡೆಯಿಂದ ಇದೇ ಮಾತನ್ನು ಹೇಳಿಕೊಳ್ಳಲು ಬಂದ ಹುಡುಗರು ಪಾಸ್‌ಪೋರ್ಟನ್ನೇ ಕಂಡವರಲ್ಲ. ಕಬ್ಬಿನ ಗದ್ದೆಗೆ ನೀರು ಕಟ್ಟಿ, ಡೈರಿಗೆ ಹಾಲು ಹಾಕಿ, ಬೆಳಗಿನ ಬಸ್ಸಿಗೆ ಬಂದವರು. ನಿಮ್ಮ ತಂದೆ ಊರಿನಲ್ಲೇ ಉಳಿದಿದ್ದರೂ ನೀವು ಇದೇ ಮಗನಾಗಿ ಹುಟ್ಟುತ್ತಿದ್ದಿರಿ. ವ್ಯತ್ಯಾಸವೆಂದರೆ ಬಹುಶಃ ನಿಮಗೆ ಹದಿನಾಲ್ಕಕ್ಕೆ ಗೊತ್ತಾದದ್ದು ಅಲ್ಲಿ ಇಪ್ಪತ್ತಕ್ಕೆ ಗೊತ್ತಾಗುತ್ತಿತ್ತು.

ಅವರು ಕಟ್ಟಿಕೊಂಡು ಹೋದ ಮಂಡ್ಯವೂ ಈಗ ಹಾಗೆಯೇ ಉಳಿದಿಲ್ಲ. ಆಗ ಮೂವತ್ತು ದಾಟಿಯೂ ಮದುವೆಯಾಗದ ಗಂಡಸೆಂದರೆ ಊರಿಗೇ ಒಂದು ಚಿಂತೆಯಾಗಿತ್ತು. 2023ರ ಫೆಬ್ರವರಿಯಲ್ಲಿ ಅದೇ ಜಿಲ್ಲೆಯ ಮದುವೆಯಾಗದ ಯುವಕರು, ಬೇಸಾಯ ಮಾಡುವವರಿಗೆ ಹೆಣ್ಣು ಕೊಡುವವರಿಲ್ಲ ಎಂದು ನೊಂದು, ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಪತ್ರಿಕೆಗಳಲ್ಲೆಲ್ಲ ಅದು ಬಂತು. ಅವರ ಕಷ್ಟವೇ ಬೇರೆ, ನಿಮ್ಮದೇ ಬೇರೆ. ಆದರೆ ಮದುವೆಯಾಗದೆ ಉಳಿದಿರುವುದನ್ನು ಬಾಯಿಬಿಟ್ಟು ಹೇಳಲು ನಾಚದಷ್ಟು ಕಾಲ ಸರಿದಿದೆ ಎಂಬುದು ನಿಮ್ಮ ತಂದೆಗೆ ತಿಳಿದಿರಲಾರದು. (ರೈತರ ಮಕ್ಕಳಿಗೆ ಹೆಣ್ಣು ಸಿಗದ ಅದೇ ಜಿಲ್ಲೆಯಲ್ಲಿ ಅಮೆರಿಕದ ವರನಿಗೆ ಎಷ್ಟು ಬೇಡಿಕೆಯಿರುತ್ತದೆಂಬುದನ್ನೂ ಯೋಚಿಸಿ, ನೆಂಟರ ಆತುರವೆಲ್ಲ ಸಂಸ್ಕೃತಿಯ ಮೇಲಿನ ಕಾಳಜಿಯಲ್ಲ.) ಮದುವೆಯ ಪದ್ಧತಿ ಬದಲಾಗುವುದು ಈ ಸೀಮೆಗೆ ಹೊಸದೂ ಅಲ್ಲ. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಮೈಸೂರು ಸಂಸ್ಥಾನ 1894ರಲ್ಲಿ ಕಾನೂನಿನಿಂದ ತಡೆದಾಗ ಅದು ಶಾಸ್ತ್ರಕ್ಕೆ ವಿರುದ್ಧವೆಂದು ಆಕ್ಷೇಪಿಸಿದವರಿದ್ದರು. ಇಂದು ಅಂಥ ಮದುವೆಯನ್ನು ನಮ್ಮ ಸಂಸ್ಕೃತಿ ಎನ್ನಲು ನಿಮ್ಮ ಅಜ್ಜಿಯೂ ಒಪ್ಪಲಾರರು.

ಪದವಿಲ್ಲ ಎಂದಿರಲ್ಲ, ಅದು ನಿಮ್ಮೊಬ್ಬರ ಕೊರತೆಯಲ್ಲ. ಪತ್ರಿಕೆಗಳು ಬಳಸುವ 'ಸಲಿಂಗಕಾಮಿ'ಯಲ್ಲಿ ಕಾಮವೊಂದೇ ಎದ್ದು ಕಂಡು ಉಳಿದದ್ದೆಲ್ಲ ಮರೆಯಾಗುತ್ತದೆ. ಹೆತ್ತ ತಾಯಿಯ ಎದುರು ಯಾವ ಮಗನ ಬಾಯಿಂದಲೂ ಅದು ಹೊರಡಲಾರದು. 'ಸಲಿಂಗಾಸಕ್ತ', 'ಸಲಿಂಗಪ್ರೇಮಿ' ಎಂಬ ಪದಗಳು ಅದಕ್ಕಿಂತ ಮೆದುವಾಗಿವೆ, ಆದರೆ ಕಾಗದದ ಮೇಲಿನವು. 'ಗೇ' ಎಂದರೆ ಅಮ್ಮನಿಗೆ ಅದು ಅಮೆರಿಕದ ಸರಕು, ಗಾಳಿ ಬಡಿದದ್ದಕ್ಕೆ ಸಾಕ್ಷಿ. ನಿಮಗೆ ಬೇಕಾದದ್ದು ಪದವಲ್ಲ, ವಾಕ್ಯ. ಅದಕ್ಕೆ ಅಡುಗೆಮನೆಯ ಕನ್ನಡ ಧಾರಾಳವಾಗಿ ಸಾಕು. "ಅಮ್ಮ, ನಂಗೆ ಹೆಣ್ಣುಮಕ್ಕಳ ಮೇಲೆ ಆ ಥರ ಮನಸ್ಸಾಗಲ್ಲ, ಗಂಡಸರ ಮೇಲೇ ಆಗೋದು. ಚಿಕ್ಕಂದಿನಿಂದ ಹಿಂಗೇ ಇದ್ದೀನಿ. ಇದ್ರಲ್ಲಿ ನಿಂದೇನೂ ತಪ್ಪಿಲ್ಲ." ಇಷ್ಟೇ. ನಿಮ್ಮ ಪತ್ರದ ಕನ್ನಡ ನೋಡಿದರೆ ಇದನ್ನು ನೀವು ನನಗಿಂತ ಚೆನ್ನಾಗಿ ಹೇಳುತ್ತೀರಿ. ಕೊನೆಯ ವಾಕ್ಯವನ್ನು ಮರೆಯಬೇಡಿ, ಏಕೆಂದರೆ ಬಸುರಿಯಾಗಿದ್ದಾಗ ಏನು ತಿಂದೆ, ಎಲ್ಲಿಗೆ ಹೋದೆ ಎಂದು ಆ ರಾತ್ರಿಯೆಲ್ಲ ಲೆಕ್ಕ ಹಾಕುವವರು ನಿಮ್ಮ ತಾಯಿ. ನೀವು ಹೆಣ್ಣಾಗಲು ಬಯಸುತ್ತೀರಾ ಎಂದೂ ಅವರು ಕೇಳಬಹುದು. ಎರಡೂ ಒಂದೇ ಎಂಬ ತಿಳಿವಳಿಕೆ ನಮ್ಮಲ್ಲಿ ಬಹಳ ಜನರಿಗಿದೆ. ಬೇಸರಿಸದೆ, ಇಲ್ಲ, ನಾನು ಗಂಡಸೇ ಎಂದು ಹೇಳಿದರಾಯಿತು.

ಯಾವಾಗ ಹೇಳಬೇಕು, ಯಾರಿಗೆ ಮೊದಲು ಎಂಬಲ್ಲಿ ನಾನು ಹಿಂದೊಮ್ಮೆ ಎಡವಿದ್ದೇನೆ, ಆದ್ದರಿಂದ ಎಚ್ಚರಿಕೆಯಿಂದ ಬರೆಯುತ್ತೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ, ಸತ್ಯ ಹೇಳಿಬಿಡಿ, ಮನಸ್ಸು ಹಗುರಾಗುತ್ತದೆ ಎಂದು ಒಬ್ಬ ಹುಡುಗನಿಗೆ ಧೈರ್ಯ ತುಂಬಿ ಕಳುಹಿಸಿದ್ದೆ. ಅವನ ಕೈಯಲ್ಲಿ ಕೆಲಸವಿರಲಿಲ್ಲ, ಕಾಸಿರಲಿಲ್ಲ. ಮನೆಯವರು ಮೊಬೈಲ್ ಕಿತ್ತುಕೊಂಡು ಊರಿನ ಮನೆಯಲ್ಲಿ ಎರಡು ತಿಂಗಳು ಇಟ್ಟರು. ಅವನು ಮರಳಿ ನನ್ನ ಬಳಿ ಬಂದಾಗ ನನ್ನನ್ನು ದೂರಲಿಲ್ಲ. ದೂರಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನಿಮ್ಮ ಸ್ಥಿತಿ ಅಷ್ಟು ಬಿಗಿಯಲ್ಲ, ಕೆಲಸವಿದೆ, ಸಂಬಳವಿದೆ. ಹಾಗಿದ್ದರೂ ಅವರು ಬರುವ ಮೊದಲೇ ಪಾಸ್‌ಪೋರ್ಟ್, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಇಲ್ಲಿರಲು ಕೊಡುವ ಕಾರ್ಡ್) ಮತ್ತು ಬ್ಯಾಂಕಿನ ಕಾಗದಪತ್ರಗಳನ್ನು ಅಜ್ಜಿಯ ಮನೆಯ ಗಾಡ್ರೇಜ್ ಬೀರುವಿನಿಂದ ತೆಗೆದು ನಿಮ್ಮ ಕೈಯಲ್ಲಿರಿಸಿಕೊಳ್ಳಿ, ಮಾತು ಕೆಟ್ಟರೆ ನಾಲ್ಕು ದಿನ ಇರಲು ಬೇರೊಂದು ಜಾಗ ನೋಡಿಟ್ಟುಕೊಳ್ಳಿ, ನೀವು ಎಲ್ಲಿದ್ದೀರೆಂದು ತಿಳಿದಿರುವ ಒಬ್ಬ ಸ್ನೇಹಿತನಿರಲಿ. ಅಂಥ ಗಳಿಗೆ ಬಾರದೆ ಇರಬಹುದು. ಕಾಗದಗಳು ಕೈಯಲ್ಲಿವೆ ಎಂಬ ಅರಿವಿನಿಂದ ಮಾತು ಶಾಂತವಾಗಿ ಬರುತ್ತದೆ.

ಅಜ್ಜಿಯ ವಿಷಯಕ್ಕೆ ಒಂದು ಮಾತು. ಗೆಳೆಯನಿಗೆಂದು ಎತ್ತಿಟ್ಟ ಒಬ್ಬಟ್ಟನ್ನು ಒಪ್ಪಿಗೆಯೆಂದು ಓದಬೇಡಿ, ಅದು ಆ ಹುಡುಗನ ಮೇಲಿನ ಪ್ರೀತಿ, ಅಷ್ಟೇ. ಅವರಿಗೆ ಗೊತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸಲೂ ಹೋಗಬೇಡಿ. ಗೊತ್ತಿದ್ದೂ ಹೆಸರಿಡದೆ ಬಿಡುವುದು ನಮ್ಮ ಹಿರಿಯ ಹೆಂಗಸರಿಗೆ ಗೊತ್ತಿರುವ ಒಂದು ದಾಕ್ಷಿಣ್ಯ, ಬೇಕಾದರೆ ಅದನ್ನು ಹಾಗೆಯೇ ಇರಗೊಡಿ. ನಿಮ್ಮ ಪರವಾಗಿ ಮಗಳೊಡನೆ ಜಗಳವಾಡುವ ಹೊರೆಯನ್ನು ಆ ವಯಸ್ಸಿನಲ್ಲಿ ಅವರ ತಲೆಯ ಮೇಲಿಡುವುದಂತೂ ಬೇಡ.

ಕಾನೂನಿನ ಮಾತು ಬೇಗ ಮುಗಿಯುತ್ತದೆ. ವಯಸ್ಕರಿಬ್ಬರು ಒಪ್ಪಿ ಕೂಡಿರುವುದು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿದೆ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 377ನೆಯ ಕಲಮಿನಂಥದ್ದೇ ಇಲ್ಲ. ಮದುವೆಗೆ ಮಾತ್ರ ಇಲ್ಲಿ ಮಾನ್ಯತೆಯಿಲ್ಲ. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯ ಅದನ್ನು ಶಾಸನಸಭೆಗೆ ಬಿಟ್ಟಿತು. ನ್ಯೂಜೆರ್ಸಿಯಲ್ಲಿ 2013ರಿಂದ ಅಂಥ ಮದುವೆ ಸಿಂಧು. ಹೀಗಾಗಿ ನಿಮ್ಮ ಎರಡು ಊರುಗಳಲ್ಲಿ ನಿಮಗೆ ಎರಡು ಬಗೆಯ ಬದುಕು ಸಾಧ್ಯ. ಎಲ್ಲಿ ನೆಲೆಸಬೇಕೆಂಬುದನ್ನು ಗೆಳೆಯನೊಡನೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಧಾನವಾಗಿ ನಡೆಯುತ್ತ ಮಾತನಾಡಬೇಕು, ಡಿಸೆಂಬರಿನ ಒತ್ತಡದಲ್ಲಿ ಅಲ್ಲ.

ಹೇಳಿದ ಮೇಲೆ ನಿಮಗೆ ಹಗುರಾಗಬಹುದು. ಅದೇ ಗಳಿಗೆಯಿಂದ ಭಾರ ಹೊರುವವರು ಅವರು. ನೀವು ನಿಮ್ಮನ್ನು ಅರಿಯಲು ಹನ್ನೆರಡು ವರ್ಷ ತೆಗೆದುಕೊಂಡಿದ್ದೀರಿ, ಅವರು ಹನ್ನೆರಡು ದಿನದ ರಜೆಯಲ್ಲಿ ಅರಿಯಲಾರರು. ಊಟ ಬಿಡುವುದು, ಮಾತು ಬಿಡುವುದು, ನೆಂಟರ ಮುಂದೆ ಅಳುವುದು ಇವೆಲ್ಲ ನಡೆದಾವು. ಇಂಥ ಮಕ್ಕಳ ತಂದೆತಾಯಿಗಳೇ ಕಟ್ಟಿಕೊಂಡ ಬಳಗಗಳಿವೆ: ಭಾರತದಲ್ಲಿ ಸ್ವೀಕಾರ್, ಅಮೆರಿಕದಲ್ಲಿ ದಕ್ಷಿಣ ಏಷ್ಯಾದ ಮನೆಗಳಿಗೆಂದೇ ಇರುವ ದೇಸಿ ರೇನ್‌ಬೋ ಪೇರೆಂಟ್ಸ್. ನಿಮ್ಮ ಹತ್ತು ಮಾತಿಗಿಂತ ಸೀರೆಯುಟ್ಟು ಕುಂಕುಮವಿಟ್ಟ ಇನ್ನೊಬ್ಬ ತಾಯಿಯ ಒಂದು ಮಾತು ನಿಮ್ಮ ತಾಯಿಗೆ ಹೆಚ್ಚು ತಾಕುತ್ತದೆ. ನಿಮಗೇ ರಾತ್ರಿ ಕಳೆಯುವುದು ಕಷ್ಟವಾದರೆ, ಬದುಕೇ ಬೇಡವೆನಿಸಿದರೆ, ಬೆಳಗಾಗಲೆಂದು ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಈ ವಾರವೇ ಮಾಡಬೇಕಾದದ್ದು ಒಂದೇ ಕೆಲಸ. ಭಾನುವಾರ ಸಂಜೆ, ಅಲ್ಲಿ ಬೆಳಿಗ್ಗೆಯ ಕಾಫಿಯ ಹೊತ್ತು, ಅಜ್ಜಿ ದೇವಸ್ಥಾನಕ್ಕೆ ಹೋಗಿರುವಾಗ ತಂದೆಗೆ ಫೋನ್ ಮಾಡಿ. ಸ್ಪೀಕರ್ ಹಾಕದೆ ಮಾತನಾಡುವಂತೆ ಮೊದಲೇ ಕೇಳಿಕೊಳ್ಳಿ. "ಅಪ್ಪ, ಈ ಸಂಬಂಧ ಬೇಡ. ಹುಡುಗಿಯಲ್ಲಿ ಏನೂ ಕೊರತೆಯಿಲ್ಲ, ಮದುವೆ ನನಗೇ ಆಗಲ್ಲ. ಯಾಕೆ ಅಂತ ನೀವು ಬಂದಾಗ ಕೂತು ಹೇಳ್ತೀನಿ" ಎನ್ನಿ. ಬಂದಾಗ ಎಷ್ಟು ಹೇಳುತ್ತೀರೆಂಬುದು ನಿಮಗೆ ಬಿಟ್ಟದ್ದು. ಏನೂ ಹೇಳಲಾರಿರಿ ಎಂದು ಈಗಲೇ ಅನ್ನಿಸಿದರೆ ಆ ಕೊನೆಯ ಮಾತನ್ನು ಕೈಬಿಡಿ. ಕೆಲಸದ ನೆಪ, ಎರಡು ವರ್ಷ ಹೋಗಲಿ ಎಂಬ ನೆಪ ಮಾತ್ರ ಹೂಡಬೇಡಿ, ಎರಡು ವರ್ಷಕ್ಕೆ ಸರಿಯಾಗಿ ಇನ್ನೊಂದು ಜಾತಕ ಬರುತ್ತದೆ. ಅವರು ಗದರಿದರೆ ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿ ಫೋನ್ ಇಡಿ. ಮಂಡ್ಯದವರಿಗೆ ಏನು ಹೇಳುವುದು ಎಂದು ಅವರು ಕೇಳಿಯೇ ಕೇಳುತ್ತಾರೆ. ಋಣಾನುಬಂಧ ಕೂಡಿಬರಲಿಲ್ಲ ಎಂದು ಹೇಳಿ ಜಾತಕ ಹಿಂದಿರುಗಿಸಿದರೆ ನಮ್ಮ ಕಡೆ ಅದರ ಮೇಲೆ ಯಾರೂ ಕಾರಣ ಕೇಳುವುದಿಲ್ಲ, ಹುಡುಗಿಯ ಮೇಲೂ ಮಾತು ಬರುವುದಿಲ್ಲ. ಆದರೆ ಆ ಮಾತು ಅವರು ಛತ್ರಕ್ಕೆ ಮುಂಗಡ ಕೊಡುವ ಮೊದಲೇ ಅವರ ಮನೆಯನ್ನು ತಲುಪಬೇಕು.